ಯುಗಾದಿ ಖರೀದಿಗೆ ಮುನ್ನ: ಕಾವೇರಿ 2.0ರ ಇಸಿ ಸೇವೆ ಎಷ್ಟು ಉಪಯೋಗ?

ಯುಗಾದಿ, ಅಕ್ಷಯ ತೃತೀಯ ಹತ್ತಿರವಾದಂತೆ ಬೆಂಗಳೂರಿನಲ್ಲಿ ಸೈಟು ನೋಡುವವರ ಓಡಾಟ ಜೋರು. ಟೋಕನ್ ಅಡ್ವಾನ್ಸ್ ಕೊಡುವ ಮೊದಲು ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಇಸಿ ತೆಗೆಸಿ. ಉಪನೋಂದಣಿ ಕಚೇರಿಗೆ ಅಲೆಯುವುದು ಬಹುಮಟ್ಟಿಗೆ ತಪ್ಪುತ್ತದೆ.

ಎಡವಟ್ಟಾಗುವುದು ಹುಡುಕಾಟದಲ್ಲಿ. ಬರೀ ಸೈಟ್ ನಂಬರ್ ಹಾಕಿದರೆ ಹಳೆಯ ಸರ್ವೆ ನಂಬರಿನಲ್ಲಿ ನೋಂದಣಿಯಾದ ವ್ಯವಹಾರ ಕೈತಪ್ಪಬಹುದು. ಹಾಗಾಗಿ ಸರ್ವೆ ನಂಬರ್, ಸೈಟ್ ನಂಬರ್, ಖಾತಾ ನಂಬರ್ ಮೂರರಲ್ಲೂ ಪ್ರತ್ಯೇಕವಾಗಿ ಹುಡುಕಿ, ಚೆಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ) ಕ್ರಯಪತ್ರದ ಜೊತೆ ತಾಳೆ ನೋಡಿ. ಫಾರಂ 15ರಲ್ಲಿ ವ್ಯವಹಾರಗಳ ಪಟ್ಟಿ ಇರುತ್ತದೆ. ಏನೂ ಸಿಗದಿದ್ದರೆ ಫಾರಂ 16. ಈ 'ನಿಲ್' ನೋಡಿ ಹಿಗ್ಗಬೇಡಿ: ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ಪಾಲುದಾವೆ ಇದರಲ್ಲಿ ಕಾಣುವುದಿಲ್ಲ. 2004ಕ್ಕಿಂತ ಹಿಂದಿನದಕ್ಕೆ ಕಚೇರಿಯ ದಾಖಲೆಯೇ ಗತಿ.

ಲಾಭದ ಲೆಕ್ಕ ಹಾಕುವವರಿಗೆ ಇನ್ನೊಂದು ಮಾತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 45 ಲಕ್ಷ ಮೀರಿದ ಆಸ್ತಿಗೆ ಇದರ ಜೊತೆ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಸುಮಾರು ಶೇ 7.6 ಆಗುತ್ತದೆ. ವರ್ಷದೊಳಗೆ ಮಾರುವ ಯೋಚನೆಯಿದ್ದರೆ ಸೈಟಿನ ಬೆಲೆ ಅಷ್ಟು ಏರಿದರೂ ಕೈಗೆ ಸಿಗುವುದು ಅಸಲೇ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದ ಸೈಟಂತೂ ನೋಂದಣಿಯ ಹಂತದಲ್ಲೇ ನಿಲ್ಲುತ್ತದೆ.