ಕ್ಲಾಸಿನಲ್ಲಿ ನಟನೆಯೋ, ಆಶಾ ಕಾರ್ಯಕರ್ತೆ ಜೊತೆ ಮನೆ ಭೇಟಿಯೋ?

ಕೇರಳ, ಈಶಾನ್ಯದಿಂದ ಬಂದ ನರ್ಸಿಂಗ್ ವಿದ್ಯಾರ್ಥಿಗಳಿಗೆ ನಮ್ಮ ರೋಗಿಗಳ ಜೊತೆ ಮಾತಾಡುವುದನ್ನು ಕಲಿಸಲು ಇವೆರಡರಲ್ಲಿ ಯಾವುದು ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ನಟನೆ ಅಗ್ಗ, ಆದರೆ ಸಿಬ್ಬಂದಿಯೇ ರೋಗಿಯ ಪಾತ್ರ ಮಾಡಿದರೆ ಮಾತ್ರ. ಹೊರಗಿನ ಕಲಾವಿದರನ್ನು ಕರೆಸಿದರೆ ಲೆಕ್ಕ ಬದಲಾಗುತ್ತದೆ. ಮನೆ ಭೇಟಿಗೆ ಬಸ್ಸು, ಜೊತೆಗೊಬ್ಬ ಟೀಚರ್, ಮನೆಯವರ ಒಪ್ಪಿಗೆ ಎಲ್ಲ ಬೇಕು. ಆಶಾ ಕಾರ್ಯಕರ್ತೆಗೂ ಕೆಲಸ ಜಾಸ್ತಿ, ಅದನ್ನು ಮರೆಯಬೇಡಿ.

ತಪ್ಪು ಮಾಡಿ ಕಲಿಯಲು ನಟನೆಯೇ ವಾಸಿ. ಸಾವಿನ ಸುದ್ದಿ ಹೇಳುವುದು, ಎಚ್‌ಐವಿ ಬಗ್ಗೆ ಕೇಳುವುದು ಇಂಥವನ್ನು ನಿಜವಾದ ರೋಗಿಯ ಮೇಲೆ ಅಭ್ಯಾಸ ಮಾಡಬಾರದು ಅಲ್ವಾ?

ಆದರೆ ಪದ್ಧತಿ ಅರ್ಥವಾಗಬೇಕಿದ್ದರೆ ಮನೆಗೇ ಹೋಗಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಸೆಯನ್ನು ಕೇಳಿದ್ದಕ್ಕೆ ಅತ್ತೆ ಉತ್ತರ ಕೊಡುವುದು, ಡಾಕ್ಟರ್ ಎದುರು ಎಲ್ಲದಕ್ಕೂ ಸುಮ್ನೆ ತಲೆಯಾಡಿಸುವವರು ಮನೆಯಲ್ಲಿ ಮಾತ್ರೆ ನುಂಗದೇ ಇರುವುದು, ಇದೆಲ್ಲ ಎಷ್ಟೇ ಚೆನ್ನಾಗಿ ನಟಿಸಿದರೂ ಕ್ಲಾಸಿನಲ್ಲಿ ಕಾಣುವುದಿಲ್ಲ.

ಮೊದಲ ವರ್ಷದವರು, ಕನ್ನಡ ಬಾರದವರು ಇದ್ದರೆ ನಟನೆ. ಒಂದಿಷ್ಟು ಕನ್ನಡ ಬರುವ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗಲಿರುವ ಬ್ಯಾಚ್ ಆದರೆ ಮನೆ ಭೇಟಿ.