ಗ್ರಾಫ್ ಶೀಟ್, ಎಕ್ಸೆಲ್, ಆರ್: ಸೇಫ್ಟಿ ವಿದ್ಯಾರ್ಥಿಗಳಿಗೆ ಯಾವುದು ಮೊದಲು?

ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಓದುವವರಿಗೆ ಅಪಘಾತದ ಅಂಕಿಗಳನ್ನು ಗ್ರಾಫಿಗೆ ಇಳಿಸಿ ಓದುವುದನ್ನು ಮೂರು ರೀತಿ ಕಲಿಸಿ ನೋಡಿದ್ದೇನೆ: ಗ್ರಾಫ್ ಶೀಟು ಪೆನ್ಸಿಲ್ಲು, ಎಕ್ಸೆಲ್, ಆಮೇಲೆ ಕಮಾಂಡ್ ಬರೆದು ಲೆಕ್ಕ, ಗ್ರಾಫ್ ಮಾಡಿಸುವ ಆರ್ ಅನ್ನೋ ಸಾಫ್ಟ್‌ವೇರ್. ಶುರುವಿಗೆ ನನ್ನ ಓಟು ಗ್ರಾಫ್ ಶೀಟಿಗೆ. ಅದಕ್ಕೆ ದೊಡ್ಡ ಕಾರಣ ಸೊನ್ನೆ.

ಅಪಘಾತದ ರಿಜಿಸ್ಟರಿನಲ್ಲಿ ಆದದ್ದನ್ನು ಮಾತ್ರ ಬರೆದಿರುತ್ತಾರೆ. ಏನೂ ಆಗದ ತಿಂಗಳಿಗೆ ಅಲ್ಲಿ ಸಾಲೇ ಇಲ್ಲ. ಅದನ್ನು ಎಕ್ಸೆಲ್‌ಗೆ ಹಾಕಿ ಸಾಲುಗಳನ್ನು ಗುಂಪು ಮಾಡಿ ಎಣಿಸಿಕೊಡುವ ಪಿವೋಟ್ ಟೇಬಲ್‌ನಲ್ಲಿ ತಿಂಗಳವಾರು ಎಣಿಸಿದರೆ ಜೂನ್ ಪಕ್ಕಕ್ಕೇ ಸೆಪ್ಟೆಂಬರ್ ಬಂದು ಕೂತಿರುತ್ತದೆ. ಜುಲೈ, ಆಗಸ್ಟ್ ಮಾಯ. ಚಾರ್ಟ್ ಮಾತ್ರ ನೋಡೋಕೆ ಚೆನ್ನಾಗೇ ಇರುತ್ತದೆ. ಫೀಲ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ‘ಶೋ ಐಟಮ್ಸ್ ವಿತ್ ನೋ ಡೇಟಾ’ ಟಿಕ್ ಮಾಡಿದರೆ ಆ ತಿಂಗಳುಗಳು ವಾಪಸ್ ಬರುತ್ತವೆ. ಆದರೆ ಕಾಣೆಯಾಗಿದೆ ಅಂತ ಗೊತ್ತಿದ್ದವರು ತಾನೇ ಹುಡುಕುವುದು?

ಶೀಟಿನಲ್ಲಿ ಹನ್ನೆರಡು ತಿಂಗಳನ್ನೂ ಮೊದಲೇ ಅಡ್ಡಗೆರೆಯ ಕೆಳಗೆ ಬರೆಯಬೇಕು. ಜುಲೈಗೆ ಬಂದಾಗ ಪೆನ್ಸಿಲ್ ನಿಲ್ಲುತ್ತದೆ. “ಸರ್, ಇಲ್ಲಿ ಏನು ಹಾಕಲಿ?” ನನಗೆ ಬೇಕಾದ ಪ್ರಶ್ನೆ ಅದೇ. ಆ ತಿಂಗಳು ಅಪಘಾತವೇ ಆಗಲಿಲ್ಲವಾ, ಇಲ್ಲಾ ಯಾರೂ ಬರೆಯಲಿಲ್ಲವಾ?

ಮೂರೂ ಕಡೆ, ಹಾರಿದ ಸ್ವಲ್ಪ ಹೊತ್ತಿಗೇ ಸಿಡಿದುಹೋದ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ಅಂಕಿಗಳನ್ನೇ ಅಭ್ಯಾಸಕ್ಕೆ ಕೊಡುತ್ತೇನೆ. 1986ರ ಜನವರಿ 28ರ ಉಡಾವಣೆಗೆ ಮುಂಚಿನ ರಾತ್ರಿ, ಚಳಿಗೂ ರಾಕೆಟ್ಟಿನ ಓ-ರಿಂಗ್ (ಜೋಡಣೆಯಲ್ಲಿ ಅನಿಲ ಸೋರದಂತೆ ಹಾಕುವ ರಬ್ಬರಿನ ಉಂಗುರ) ಹಾಳಾಗುವುದಕ್ಕೂ ನಂಟಿದೆಯೇ ಎಂದು ಎಂಜಿನಿಯರುಗಳ ನಡುವೆ ಚರ್ಚೆ ನಡೆದಿತ್ತು. ಹಿಂದಿನ ಹಾರಾಟಗಳ ಪೈಕಿ ಓ-ರಿಂಗ್‌ಗೆ ತೊಂದರೆ ಕಂಡವನ್ನಷ್ಟೇ ಚುಕ್ಕಿ ಇಟ್ಟರೆ ಏನೂ ಗೊತ್ತಾಗಲ್ಲ. 53 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೂ ತೊಂದರೆ, 75ರಲ್ಲೂ ತೊಂದರೆ. ಸುಸೂತ್ರವಾಗಿ ಮುಗಿದ ಹಾರಾಟಗಳನ್ನು ಸೊನ್ನೆಯ ಗೆರೆ ಮೇಲೆ ಇಡುತ್ತಾ ಹೋಗಿ. ಅವೆಲ್ಲ 65ಕ್ಕಿಂತ ಮೇಲೇ ಬಂದು ಕೂರುತ್ತವೆ. ಅದಕ್ಕಿಂತ ಕೆಳಗಿದ್ದ ನಾಲ್ಕೂ ಹಾರಾಟಗಳಲ್ಲಿ ತೊಂದರೆ ಕಂಡಿತ್ತು. ಉಡಾವಣೆ ಹೊತ್ತಿಗೆ ಇದ್ದದ್ದು 36 ಡಿಗ್ರಿ. ಎಕ್ಸೆಲ್‌ನಲ್ಲಿ ಇದೇ ಗ್ರಾಫ್ ಒಂದು ನಿಮಿಷದ ಕೆಲಸ, ನೋಡಿ ಮರೆಯುವುದೂ ಅಷ್ಟೇ ಬೇಗ. ಒಂದೊಂದೇ ಚುಕ್ಕಿ ಕೈಯಿಂದ ಇಟ್ಟವರು ಅರ್ಧಕ್ಕೇ ತಲೆ ಎತ್ತಿ ನೋಡುತ್ತಾರೆ.

ಇನ್ನು ಏರಿಳಿತದ ವಿಷಯ. ತಿಂಗಳಿಗೆ ಸರಾಸರಿ 4 ಸಣ್ಣ ಅಪಘಾತ ಆಗುವ ಕಡೆ ಹೋದ ತಿಂಗಳು 3, ಈ ತಿಂಗಳು 6 ಅಂದರೆ “ಡಬಲ್ ಆಯ್ತು” ಅಂತ ಮೀಟಿಂಗಿನಲ್ಲಿ ಗಲಾಟೆ. ಏರಿಳಿತ ಮಾಮೂಲಿನದೋ ಅಲ್ಲವೋ ಎಂದು ಮಿತಿಯ ಗೆರೆ ಎಳೆದು ನೋಡುವ ಕಂಟ್ರೋಲ್ ಚಾರ್ಟ್ ಲೆಕ್ಕ ಸುಲಭ: 4ರ ವರ್ಗಮೂಲ 2, ಅದರ ಮೂರು ಪಟ್ಟು 6, ಸರಾಸರಿಗೆ ಕೂಡಿಸಿದರೆ ಮೇಲಿನ ಮಿತಿ 10. ಕೆಳಗಿನದು ಸೊನ್ನೆಗಿಂತ ಇಳಿಯುವುದರಿಂದ ಸೊನ್ನೆಯೇ. ಒಂದು ತಿಂಗಳ 6 ನೋಡಿ ಯಾರಿಗೂ ಮೆಮೊ ಕೊಡಬೇಕಿಲ್ಲ. ಸ್ಕೇಲ್ ಇಟ್ಟು ಆ ಗೆರೆ ಎಳೆದವರಿಗೆ ಇದು ಬೇಗ ಹತ್ತುತ್ತದೆ. ಎಕ್ಸೆಲ್‌ನಲ್ಲಿ ಮಿತಿಗೆ ಬೇರೆ ಕಾಲಂ ಮಾಡಬೇಕು, ಅಲ್ಲೇ ಅರ್ಧ ಕ್ಲಾಸ್ ಫಾರ್ಮುಲಾದಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗಂತ ಶೀಟಿನಲ್ಲೇ ಉಳಿಯೋಕಾಗಲ್ಲ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಲೇ ಓದುವವರು ಮುಖ ಸಿಂಡರಿಸುತ್ತಾರೆ, “ಸರ್, ಇದು ಹೈಸ್ಕೂಲಿಂದು” ಅಂತಾರೆ. ಒಂದು ಅಂಕಿ ಬದಲಾದರೆ ರಬ್ಬರ್ ಹಿಡಿಯಬೇಕು. ಫ್ರೀಕ್ವೆನ್ಸಿ ರೇಟ್‌ಗೆ, ಅಂದರೆ 10 ಲಕ್ಷ ಗಂಟೆ ಕೆಲಸಕ್ಕೆ ಎಷ್ಟು ಅಪಘಾತ ಅನ್ನೋ ಲೆಕ್ಕಕ್ಕೆ, ಬಂದರಂತೂ ಎಕ್ಸೆಲ್ಲೇ ಸರಿ. ಐಎಸ್ 3786 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಅಪಘಾತದ ಎಣಿಕೆಯನ್ನು ಕೆಲಸದ ಒಟ್ಟು ಗಂಟೆಗಳಿಂದ ಭಾಗಿಸಿ 10 ಲಕ್ಷದಿಂದ ಗುಣಿಸಬೇಕು. ಎರಡೂವರೆ ಲಕ್ಷ ಗಂಟೆಗೆ 3 ಅಪಘಾತ ಅಂದರೆ ರೇಟ್ 12. ರಜೆ ಜಾಸ್ತಿ ಇದ್ದು ಒಂದು ಲಕ್ಷ ಗಂಟೆಯಷ್ಟೇ ಕೆಲಸ ನಡೆದ ತಿಂಗಳಲ್ಲಿ 2 ಆದರೆ ರೇಟ್ 20. ಎಣಿಕೆ ಇಳಿಯಿತು, ರೇಟ್ ಏರಿತು. ಎರಡೂ ಗ್ರಾಫ್ ಅಕ್ಕಪಕ್ಕ ಹಾಕಿ ತೋರಿಸಲು ಎಕ್ಸೆಲ್‌ನಷ್ಟು ಅನುಕೂಲ ಬೇರೆ ಇಲ್ಲ.

ಎಕ್ಸೆಲ್‌ನ ಒಂದು ಚಾಳಿ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಟ್ರೈನಿಂಗ್ ಹಾಜರಾತಿ 91ರಿಂದ 96 ಪರ್ಸೆಂಟ್ ಒಳಗೇ ಓಡಾಡುತ್ತಿದ್ದರೆ, ಅದು ತಾನೇ ಲಂಬ ಅಕ್ಷವನ್ನು ಸೊನ್ನೆ ಬಿಟ್ಟು ಮೇಲಿಂದ ಶುರು ಮಾಡುತ್ತದೆ. ಸಣ್ಣ ವ್ಯತ್ಯಾಸ ಬೆಟ್ಟದಷ್ಟು ಕಾಣುತ್ತದೆ. ತ್ರೀ-ಡಿ ಪೈ ಚಾರ್ಟ್ ಬಗ್ಗೆ ಮಾತಾಡೋದೇ ಬೇಡ, ನನ್ನ ಕ್ಲಾಸಿನಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ.

ಆರ್ ಉಚಿತ. ಇಲಾಖೆವಾರು ಹತ್ತು ಗ್ರಾಫನ್ನು ಒಂದೇ ಅಳತೆಯಲ್ಲಿ ಸಾಲಾಗಿ ಹಾಕಿಕೊಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಮುಂದಿನ ತಿಂಗಳು ಫೈಲ್ ಬದಲಿಸಿ ಮತ್ತೆ ಓಡಿಸಿದರೆ ಆಯಿತು. ಆದರೆ ಕಾಮಾ ಬಿಟ್ಟರೆ ಎರರ್, ಅದನ್ನು ಹುಡುಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಕಂಪನಿ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲು ಐಟಿಯವರ ಪರ್ಮಿಷನ್ ಬೇರೆ. ಹಾಗಾಗಿ ಆಸಕ್ತಿ ಇದ್ದವರಿಗೆ ಮಾತ್ರ ಕ್ಲಾಸ್ ಮುಗಿದ ಮೇಲೆ ಹೇಳಿಕೊಡುತ್ತೇನೆ. ಅಲ್ಲೂ ಸುಮ್ನೆ ಎಣಿಸಿದರೆ ಖಾಲಿ ತಿಂಗಳು ಕೈಬಿಡುತ್ತದೆ. ಅದಕ್ಕೇ ಗ್ರಾಫ್ ಬರೆಯುವ ಕಮಾಂಡಿಗೂ ಮುಂಚೆ ‘ಕಂಪ್ಲೀಟ್’ ಫಂಕ್ಷನ್ ಕಲಿಸುತ್ತೇನೆ, ಬಿಟ್ಟುಹೋದ ತಿಂಗಳಿಗೆ ಸೊನ್ನೆ ತುಂಬುವುದು ಅದೇ.