ಅಜ್ಜಿಯ ಮುಖ ಒಂದು, ಹಿನ್ನೆಲೆ ನಾಲ್ಕು

ನಮ್ಮ ಅಜ್ಜಿಯ ಚಿತ್ರ ಬರೆಯೋಕೆ ಕೂತಾಗ ಮುಖಕ್ಕೆ ಹಿಡಿದದ್ದು ಎರಡು ಮಧ್ಯಾಹ್ನ. ಹಿನ್ನೆಲೆಗೆ ಹಿಡಿದದ್ದು ಒಂದೂವರೆ ತಿಂಗಳು. ಮೊದಲ ಸಲ ಮುಖ ಚೆನ್ನಾಗೇ ಬಂದಿತ್ತು. ಸುತ್ತ ಖಾಲಿ ಬಿಟ್ಟಿದ್ದೆ, ಆಮೇಲೆ ಏನಾದರೂ ಬಳಿದರಾಯ್ತು ಅಂತ. ಆಮೇಲೆ ಕೈಗೆ ಸಿಕ್ಕ ನೀಲಿ ಬಳಿದೆ. ಅಜ್ಜಿಯ ಮುಖ ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗಾಯ್ತು.

ಸಿಟ್ಟು ಬಂದು ಒಂದು ಪರೀಕ್ಷೆ ಇಟ್ಟುಕೊಂಡೆ. 9x12 ಇಂಚಿನ ನಾಲ್ಕು ಕ್ಯಾನ್ವಾಸ್ ಬೋರ್ಡ್ ತಂದೆ. ಅದೇ ಕಿಟಕಿ, ಅದೇ ಕುರ್ಚಿ, ಎಡಗಡೆಯಿಂದ ಬೀಳುವ ಅದೇ ಬೆಳಕು. ಮುಖ ನಾಲ್ಕರಲ್ಲೂ ಒಂದೇ, ಹಿನ್ನೆಲೆ ಮಾತ್ರ ಬೇರೆ ಬೇರೆ. ಬೇಗ ಒಣಗಲಿ ಅಂತ ಅಕ್ರಿಲಿಕ್ ಬಳಸಿದೆ. ಅಜ್ಜಿಯದು ಎಣ್ಣೆಗಪ್ಪು ಬಣ್ಣ, ಪೂರ್ತಿ ಬೆಳ್ಳಗಾದ ಕೂದಲು, ಮೈಮೇಲೆ ಕಡು ನೀಲಿ ಇಳಕಲ್ ಸೀರೆ, ಹೆಗಲ ಮೇಲೆ ಕೆಂಪು ಟೋಪು ತೆನಿ ಸೆರಗು. ಕಪ್ಪು ಚರ್ಮ, ಬಿಳಿ ಕೂದಲು, ಕೆಂಪು ಸೆರಗು. ಮೂರನ್ನೂ ಒಂದೇ ಹಿನ್ನೆಲೆ ಸಂಭಾಳಿಸಬೇಕು. ತೊಂದರೆ ಇರೋದೇ ಅಲ್ಲಿ.

ಮೊದಲನೆಯದು ಕಪ್ಪು. ಟ್ಯೂಬಿನ ಕಪ್ಪಲ್ಲ, ಕಡು ಕಂದು ಬಣ್ಣದ ಬರ್ಂಟ್ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಸೇರಿಸಿ ಮಾಡಿದ್ದು. ಹೊಸದಾಗಿ ಕಲಿಯುವವರೆಲ್ಲ ಮೊದಲು ಓಡೋದು ಇದರ ಕಡೆಗೇ. ನಾನೂ ಓಡಿದೆ. ಕೂದಲು ಬೆಳ್ಳಿ ತಂತಿಯ ಹಾಗೆ ಹೊಳೆಯಿತು, ನೋಡಿ ಖುಷಿಯಾಯ್ತು. ಖುಷಿಯಲ್ಲಿ ಕೂದಲಿಗೆ ಇನ್ನೂ ದಪ್ಪ ಬಿಳಿ ಎಳೆದೆ. ಆಮೇಲೆ ನೋಡಿದರೆ ಬಲಗೆನ್ನೆಯೇ ಇಲ್ಲ! ನೆರಳಿದ್ದ ಆ ಬದಿ ಕಪ್ಪಿನೊಳಗೆ ಇಳಿದುಹೋಗಿತ್ತು. ಕಿವಿ ಇಲ್ಲ, ಬೆಂಡೋಲೆ ಮಾತ್ರ ಗಾಳಿಯಲ್ಲಿ ತೂಗುತ್ತಿತ್ತು. ಸೀರೆಯ ನೀಲಿ ಎಲ್ಲಿ ಮುಗಿದು ಹಿನ್ನೆಲೆ ಎಲ್ಲಿ ಶುರುವಾಯ್ತು ಅಂತ ನನಗೇ ಗೊತ್ತಾಗಲಿಲ್ಲ. ಬೆಳ್ಳಗಿನ ಮುಖಕ್ಕೆ ಕಪ್ಪು ಸುಲಭ. ನಮ್ಮಂಥ ಬಣ್ಣಕ್ಕೆ ಅದು ಅಷ್ಟು ಸುಲಭದ್ದಲ್ಲ. ಅಜ್ಜಿಯನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಹಾರ ಹಾಕೂದೊಂದ ಬಾಕಿ ಐತಿ ನೋಡವಾ" ಅಂದಳು. ಆ ಬೋರ್ಡ್ ಅವತ್ತೇ ಗೋಡೆಗೆ ಮುಖ ಮಾಡಿ ನಿಂತಿತು.

ಕತ್ತಲನ್ನು ಪೂರ್ತಿ ಬೈಯೋಕೂ ಆಗಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಿದ್ದೀರಲ್ವಾ? ಎಷ್ಟೋ ಜನ ಅದನ್ನು ರವಿವರ್ಮನದು ಅಂದುಕೊಂಡಿರುತ್ತಾರೆ, ಜೊತೆಗೆ ಎಣ್ಣೆಬಣ್ಣ ಅಂತಲೂ. ಅದು ನೀರುಬಣ್ಣದ ಚಿತ್ರ. ಅಲ್ಲಿ ಬೆಳಕು ಬರೋದು ಅವಳ ಕೈಯ ದೀಪದಿಂದಲೇ, ಹಾಗಾಗಿ ಸುತ್ತಲಿನ ಕತ್ತಲಿಗೆ ಒಂದು ಕಾರಣ ಇದೆ. ನನ್ನ ಅಜ್ಜಿ ಕೂತಿದ್ದು ಮಧ್ಯಾಹ್ನ ಮೂರು ಗಂಟೆಯ ಕಿಟಕಿ ಬೆಳಕಲ್ಲಿ. ಹಿಂದೆ ಅಷ್ಟು ಕತ್ತಲೆ ಎಲ್ಲಿಂದ ಬರಬೇಕು?

ಎರಡನೆಯದು ಅರಿಶಿನದ ಹಳದಿ, ಯೆಲ್ಲೋ ಆಕರ್ ಜಾಸ್ತಿ ಹಾಕಿ. ಮನೆಯವರಿಗೆಲ್ಲ ಇದೇ ಇಷ್ಟ. "ಕಳೆ ಇದೆ" ಅಂತ ಚಿಕ್ಕಮ್ಮ ಈಗಲೂ ವಾದ ಮಾಡುತ್ತಾರೆ. ಕಳೆ ಇರೋದು ಹಿನ್ನೆಲೆಗೆ, ಮುಖಕ್ಕಲ್ಲ. ಚರ್ಮದ ಬಣ್ಣದಲ್ಲೂ ಹಳದಿ, ಕಿತ್ತಳೆ ಇರುತ್ತೆ. ಪಕ್ಕದಲ್ಲಿ ಅದಕ್ಕಿಂತ ಗಟ್ಟಿ ಹಳದಿ ಬಂದು ನಿಂತರೆ ಚರ್ಮ ಬೂದಿ ಬಳಿದ ಹಾಗೆ ಕಾಣುತ್ತೆ. ನಾಲ್ಕೂ ಬೋರ್ಡಿಗೆ ಮುಖದ ಬಣ್ಣ ಒಂದೇ ಪ್ಯಾಲೆಟ್ಟಿನಲ್ಲಿ ಕಲಸಿದ್ದೆ. ಆದರೂ ಇದರಲ್ಲಿ ಅಜ್ಜಿಗೆ ಜ್ವರ ಬಂದು ಎದ್ದ ಹಾಗಿತ್ತು.

ಇದು ಹಳೇ ಕಥೆ. ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರೂಲ್ ಎಂಬ ರಸಾಯನ ವಿಜ್ಞಾನಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಸಪ್ಪೆ ಕಾಣುತ್ತೆ ಅಂತ ದೂರು ಬಂತು. ಪರೀಕ್ಷಿಸಿದರೆ ನೂಲಿನ ಬಣ್ಣದಲ್ಲಿ ಏನೂ ತಪ್ಪಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. 1839ರಲ್ಲಿ ಅವನು ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದ. ಇಳಕಲ್ ನೇಕಾರರನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರೇನೋ.

ಮೂರನೆಯದು ನಿಜವಾದ ಜಾಗ: ಅಡುಗೆಮನೆ ಗೋಡೆ, ಸ್ಟ್ಯಾಂಡಿನ ತುಂಬ ಸ್ಟೀಲ್ ಡಬ್ಬಿಗಳು. ಅಜ್ಜಿ ಅಂದರೆ ಅಡುಗೆಮನೆ ತಾನೇ ಅಂದುಕೊಂಡಿದ್ದೆ. ಡಬ್ಬಿ ಬರೆಯೋದು ಮಜಾ, ಮೂರು ಗಂಟೆ ಅದರಲ್ಲೇ ಕಳೆದೆ. ಕೊನೆಗೆ ನೋಡುವವರ ಕಣ್ಣು ಮೊದಲು ಹೋಗೋದು ಡಬ್ಬಿಯ ಹೊಳಪಿಗೆ, ಆಮೇಲೆ ಅಜ್ಜಿಗೆ. ಒದ್ದೆ ಬಟ್ಟೆಯಿಂದ ಅಂಚುಗಳನ್ನು ಮಸುಕು ಮಾಡಲು ನೋಡಿದೆ, ಅಕ್ರಿಲಿಕ್ ಆಗಲೇ ಒಣಗಿತ್ತು. ಕೊನೆಗೆ ತೆಳು ಬೂದು ಬಣ್ಣವನ್ನು ಡಬ್ಬಿಗಳ ಮೇಲೆ ಒಂದು ಪದರ ಎಳೆದೆ. ಹೊಳಪು ಸತ್ತಿತು, ಮುಖ ಮುಂದೆ ಬಂತು. ಮಗ್ಗದ ಮುಂದೆ ನೇಕಾರ, ತಿಗರಿಯ ಮುಂದೆ ಕುಂಬಾರ, ಹೀಗೆ ಕೆಲಸವನ್ನೂ ಹೇಳಬೇಕಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ. ಮುಖವೊಂದೇ ಸಾಕು ಅಂದರೆ ಇಷ್ಟು ಕಷ್ಟ ಯಾಕೆ?

ನಾಲ್ಕನೆಯದು ಯಾರಿಗೂ ಹಿಡಿಸದ ಬಣ್ಣ. ಅಲ್ಟ್ರಾಮರೀನ್, ಯೆಲ್ಲೋ ಆಕರ್, ಬಿಳಿ, ಚೂರು ಅಂಬರ್. ಮಳೆಗಾಲದಲ್ಲಿ ಪಾಚಿ ಹಿಡಿದ ಗೋಡೆಯ ಹಾಗೆ, ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಣ್ಣ. ಪ್ಯಾಲೆಟ್ ಮೇಲೆ ನೋಡಿದರೆ ಬೇಜಾರಾಗುತ್ತೆ. ಮುಖದ ಪಕ್ಕ ಇಟ್ಟ ತಕ್ಷಣ ಕೆನ್ನೆಯಲ್ಲಿ ರಕ್ತ ಹರಿದ ಹಾಗಾಯ್ತು. ಹಸಿರು ಛಾಯೆ ಪಕ್ಕದಲ್ಲಿದ್ದರೆ ಚರ್ಮದ ಕೆಂಪು ಎದ್ದು ಕಾಣುತ್ತೆ, ಅದಕ್ಕೇ. ಸೆರಗಿನ ಕೆಂಪೂ ಮೇಲೆದ್ದಿತು. ಇದನ್ನು ಒಂದೇ ಸಮ ಬಳಿಯಲಿಲ್ಲ. ಬೆಳಕು ಬಿದ್ದ ಎಡಗೆನ್ನೆಯ ಹಿಂದೆ ಒಂದು ಮಟ್ಟ ಗಾಢ ಮಾಡಿದೆ, ನೆರಳಿನ ಬಲಗೆನ್ನೆಯ ಹಿಂದೆ ಒಂದು ಮಟ್ಟ ತಿಳಿ. ಕಿವಿ ವಾಪಸ್ ಬಂತು, ಬೆಂಡೋಲೆಗೆ ನೇತಾಡಲು ಜಾಗ ಸಿಕ್ಕಿತು. ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ನೋಡಿದೆ: ಕೂದಲು, ಹಿನ್ನೆಲೆ, ಚರ್ಮ ಮೂರೂ ಬೇರೆ ಬೇರೆಯಾಗಿ ನಿಂತಿದ್ದವು. ಕಪ್ಪು ಬೋರ್ಡಿನ ಫೋಟೋದಲ್ಲಿ ಕೂದಲೊಂದೇ ಕಂಡಿತ್ತು.

ಒಂದು ಎಡವಟ್ಟು ಇದರಲ್ಲೂ ಆಯಿತು. ಅಕ್ರಿಲಿಕ್ ಒಣಗಿದಾಗ ಹಸಿ ಇದ್ದದ್ದಕ್ಕಿಂತ ಗಾಢವಾಗುತ್ತೆ. ಅದರ ಅಂಟು ಹಸಿಯಲ್ಲಿ ಹಾಲಿನ ಹಾಗೆ ಬಿಳಿ, ಒಣಗಿದ ಮೇಲೆ ಪಾರದರ್ಶಕ. ನಾನು ಅಳೆದು ಕಲಸಿದ ತಿಳಿ ಬೂದು ಬೆಳಿಗ್ಗೆ ನೋಡಿದರೆ ಮತ್ತೆ ಕೆನ್ನೆಯನ್ನು ನುಂಗಲು ಬಂದಿತ್ತು. ಈಗ ಒಂದು ಚೂರು ಕಾಗದಕ್ಕೆ ಹಚ್ಚಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಅದನ್ನು ಕೆನ್ನೆಯ ಪಕ್ಕ ಹಿಡಿದು ನೋಡಿ ಆಮೇಲೆ ಬಳಿಯುತ್ತೇನೆ.

ನಡುವೆ ಕೆನೆಬಿಳಿಯನ್ನೂ ಪ್ಯಾಡಿನ ಹಾಳೆಯಲ್ಲಿ ನೋಡಿದ್ದೆ. ಕೂದಲು ಮಾಯ, ಮುಖ ಇದ್ದದ್ದಕ್ಕಿಂತ ಕಪ್ಪು. ಅಷ್ಟಕ್ಕೇ ಬಿಟ್ಟೆ.

ದೊಡ್ಡ ಚಿತ್ರ 16x20 ಇಂಚಿನ ಕ್ಯಾನ್ವಾಸ್ ಮೇಲೆ ಮಾಡಿದೆ. ಈ ಸಲ ಮೊದಲು ಪಾಚಿ ಬಣ್ಣ ಬಳಿದು, ಅದರ ಮೇಲೆ ಮುಖ ಶುರು ಮಾಡಿದೆ. ಚಿಕ್ಕಮ್ಮ ಹಳದಿ ಬೋರ್ಡನ್ನು ಊರಿಗೆ ಒಯ್ದರು. ಡಬ್ಬಿಯ ಚಿತ್ರ ಅಡುಗೆಮನೆಯಲ್ಲೇ ಇದೆ. ಕಪ್ಪು ಬೋರ್ಡನ್ನು ಮನೆಯಲ್ಲಿ ಇಡಬೇಡ ಅಂದಳು ಅಜ್ಜಿ. ಮೇಲೆ ಜೆಸ್ಸೋ ಎಂಬ ಬಿಳಿ ತಳಬಣ್ಣ ಬಳಿದೆ, ಬೇರೆ ಏನಕ್ಕಾದರೂ ಆಗುತ್ತೆ ಅಂತ. ಎರಡು ಕೋಟ್ ಆದ ಮೇಲೂ, ಬೆರಳು ಆಡಿಸಿದರೆ ಕೂದಲಿನ ದಪ್ಪ ಗೆರೆಗಳು ಕೈಗೆ ಸಿಗುತ್ತವೆ.